ಮಿಡಿ ಉಪ್ಪಿನಕಾಯಿ ಕೆಟ್ಟ ವರ್ಷ

ಬೇಸಿಗೆ ಶುರುವಾಗುವ ದಿನಗಳಲ್ಲಿ ಗಾಂಧಿ ಬಜಾರಿನ ತಳ್ಳುಗಾಡಿಯ ಮುಂದೆ ಯಾರಾದರೂ ಮಾವಿನ ಮಿಡಿಯ ತೊಟ್ಟು ಮುರಿದರೆ, ಆ ಸೊನೆಯ ವಾಸನೆಗೆ ನನ್ನ ಕಾಲು ಈಗಲೂ ಅಲ್ಲೇ ನಿಂತುಬಿಡುತ್ತದೆ. ಪಕ್ಕದಲ್ಲಿದ್ದವರು ಬಾಯಲ್ಲಿ ನೀರೂರುತ್ತದೆ ಎನ್ನುತ್ತಾರೆ. ನಿಮಗೂ ಊರುತ್ತದೆ ಅಂದುಕೊಳ್ಳುತ್ತೇನೆ. ನನಗೆ ಮಾತ್ರ ಮುಖ ಬಿಸಿಯಾಗುತ್ತದೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಅಜ್ಜಿಯ ಮುಂದೆ ಬಾಯಿ ಬಿಟ್ಟದ್ದೂ ಬಿಡಬೇಕಾದ ಕಡೆ ಬಿಡದೇ ಹೋದದ್ದೂ ನೆನಪಾಗಿ, ಏನೂ ಕೊಳ್ಳದೆ ಮುಂದೆ ಹೋಗುತ್ತೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚಾಮರಾಜಪೇಟೆಯ ನಮ್ಮ ಹೆಂಚಿನ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ನಾನು, ಮತ್ತು ಹೊಸದಾಗಿ ಮದುವೆಯಾಗಿದ್ದ ಚಿಕ್ಕಪ್ಪ ಚಿಕ್ಕಮ್ಮ ಇದ್ದೆವು. ಮಿಡಿ ಬರುವ ದಿನ ಮನೆಯಲ್ಲಿ ಹಬ್ಬಕ್ಕಿಂತ ಹೆಚ್ಚಿನ ಗಡಿಬಿಡಿ. ಅಜ್ಜಿ ಮಾರ್ಕೆಟ್ಟಿನಲ್ಲಿ ಪ್ರತಿ ಬುಟ್ಟಿಯಿಂದ ಒಂದೊಂದು ಕಾಯಿ ಎತ್ತಿ, ತೊಟ್ಟು ಮುರಿದು ಮೂಸಿ, ಕಚ್ಚಿ, ಉಗಿದು, ಗಾಡಿಯವನ ಗೊಣಗಾಟವನ್ನು ಕಿವಿಗೇ ಹಾಕಿಕೊಳ್ಳದೆ ಆರಿಸುತ್ತಿದ್ದಳು. ಮನೆಗೆ ತಂದ ಮಿಡಿಯನ್ನು ತೊಳೆದು, ಒಂದೊಂದನ್ನೂ ಹಳೆಯ ಪಂಚೆಯಲ್ಲಿ ಒರೆಸಿ, ನನ್ನ ಸೊಂಟದೆತ್ತರದ ಪಿಂಗಾಣಿ ಜಾಡಿಗೆ ಒಂದು ಪದರ ಕಾಯಿ, ಒಂದು ಪದರ ಹರಳುಪ್ಪು ಎಂದು ತುಂಬುತ್ತಿದ್ದಳು. ವಾರಗಳು ಕಳೆದು ಮಿಡಿ ಸುಕ್ಕಾದ ಮೇಲೆ ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ ಅರೆಯುವ ದಿನ ಇಡೀ ಬೀದಿಗೆ ಘಾಟು. ಕೊನೆಗೆ ಜಾಡಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿ ಉಗ್ರಾಣದ ಕತ್ತಲಲ್ಲಿ ಇಟ್ಟರೆ, ಅದನ್ನು ಮಡಿಯಲ್ಲಿ ಅಜ್ಜಿಯೊಬ್ಬಳೇ ಬಿಚ್ಚಬೇಕು. ತಿಂಗಳ ಮೂರು ದಿನ ಹೊರಗಾದ ಹೆಂಗಸರ ನೆರಳು ಬಿದ್ದರೂ ಉಪ್ಪಿನಕಾಯಿ ಕೆಡುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ.

ಚಿಕ್ಕಮ್ಮನ ಹೆಸರು ಸುಮಾ. ಯಾವುದೋ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದಳು, ಬಸ್ಸಿನಲ್ಲಿ ಹೋಗಿಬರುತ್ತಿದ್ದಳು, ಜೋರಾಗಿ ನಗುತ್ತಿದ್ದಳು. ಹೊರಗೆ ಕೂರುವ ವಿಷಯದಲ್ಲಿ ಬಂದ ಮೊದಲ ತಿಂಗಳೇ ಅಜ್ಜಿಗೂ ಅವಳಿಗೂ ಮಾತು ಬೆಳೆದು, ಕೊನೆಗೆ ಆಫೀಸಿಗೆ ಹೋಗಬಹುದು, ಆದರೆ ಅಡುಗೆಮನೆಗೂ ಉಗ್ರಾಣಕ್ಕೂ ಕಾಲಿಡಬಾರದು ಎಂದು ರಾಜಿಯಾಗಿತ್ತು. ಇಷ್ಟಾದರೂ ಉಪ್ಪಿನಕಾಯಿಯ ಮೇಲೆ ಅವಳಿಗೆ ಎಲ್ಲಿಲ್ಲದ ಆಸೆ. ಮಿಡಿ ಹಾಕುವ ದಿನ ರಜಾ ಹಾಕಿದ್ದಳು. ಅಜ್ಜಿಯ ಅಳತೆಯೆಲ್ಲ ಹಿಡಿ, ಬೊಗಸೆ, ಚಿಟಿಕೆ. ಚಿಕ್ಕಮ್ಮ ಆ ಒಂದೊಂದು ಹಿಡಿಯನ್ನೂ ಪಾವಿಗೆ ಸುರಿಸಿ, ಅಳೆದು, ಪುಸ್ತಕದಲ್ಲಿ ಬರೆದುಕೊಂಡಳು. ಅಜ್ಜಿ ಮೊದಲು ಗೊಣಗಿದಳು, ಆಮೇಲೆ ತಾನೇ ಹಿಡಿಯನ್ನು ಅವಳ ಮುಂದೆ ಚಾಚತೊಡಗಿದಳು. ಆ ಸಾಯಂಕಾಲ ಅಜ್ಜಿ ಅಮ್ಮನ ಹತ್ತಿರ, ಇವಳ ಕೈಗುಣ ಚೆನ್ನಾಗಿದೆ, ಮುಂದಿನ ವರ್ಷ ಇವಳ ಕೈಲೇ ಹಾಕಿಸೋಣ ಎಂದಿದ್ದನ್ನು ನಾನೇ ಕೇಳಿದ್ದೇನೆ. ಅಜ್ಜಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಮೆಚ್ಚುಗೆ ಇರಲಿಲ್ಲ.

ಈಗ ನನ್ನ ಕತೆ. ಸ್ಕೂಲಿನಲ್ಲಿ ನಾನು ಅಜ್ಜಿಯ ಉಪ್ಪಿನಕಾಯಿಯ ಬಗ್ಗೆ ಕೊಚ್ಚಿಕೊಂಡಿದ್ದು ಜಾಸ್ತಿಯಾಗಿ, ಗೆಳತಿಯರು ತಂದು ತೋರಿಸು ಎಂದು ಪಟ್ಟು ಹಿಡಿದರು. ದಿನಬಳಕೆಯ ಸಣ್ಣ ಭರಣಿಯಲ್ಲಿ ರಸ ಮಾತ್ರ ಉಳಿದಿತ್ತು. ಒಂದು ಮಧ್ಯಾಹ್ನ ಅಮ್ಮ, ಅಜ್ಜಿ ಇಬ್ಬರೂ ದೇವಸ್ಥಾನಕ್ಕೆ ಹೋಗಿದ್ದಾಗ ಉಗ್ರಾಣಕ್ಕೆ ನುಗ್ಗಿದೆ. ಆದರೆ ನಾನೂ ಅದೇ ಮನೆಯ ಹುಡುಗಿಯಲ್ಲವೇ, ಮೈಲಿಗೆಯ ಭಯ ನನಗೂ ಇತ್ತು. ಅದಕ್ಕೇ ಕೈಕಾಲು ತೊಳೆದುಕೊಂಡೆ. ಮರದ ಸೌಟನ್ನು ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತೊಳೆದೆ. ದೇವರಿಗೆ ಕೈ ಮುಗಿದು, ನೀರು ತೊಟ್ಟಿಕ್ಕುತ್ತಿದ್ದ ಆ ಸೌಟನ್ನೇ ಜಾಡಿಯ ತಳದವರೆಗೆ ಇಳಿಸಿ, ಎರಡು ಸಲ ತಿರುವಿ, ಒಂದು ಡಬ್ಬಿ ತುಂಬಿಕೊಂಡು, ಬಟ್ಟೆಯನ್ನು ಮೊದಲಿದ್ದ ಹಾಗೆಯೇ ಕಟ್ಟಿದೆ. ಮಡಿಗೆ ಯಾವ ಕೊರತೆಯೂ ಆಗಲಿಲ್ಲವೆಂದು ನನಗೆ ಸಮಾಧಾನವೋ ಸಮಾಧಾನ.

ಮೂರು ವಾರದ ಮೇಲೆ ಅಜ್ಜಿ ಜಾಡಿ ಬಿಚ್ಚಿದಾಗ ಮೇಲೆಲ್ಲ ಬಿಳಿ ಬೂಷ್ಟು. ಕೆಳಗಿನ ಮಿಡಿಗಳು ಕೊಳೆತು ಲೊಳಲೊಳ ಎನ್ನುತ್ತಿದ್ದವು. ಅಜ್ಜಿ ಕೂಗಾಡಲಿಲ್ಲ. ಉಗ್ರಾಣದ ಹೊಸ್ತಿಲ ಮೇಲೆ ಕೂತಳು. ಚಿಕ್ಕಮ್ಮ ಆಫೀಸಿನಿಂದ ಬಂದ ಕೂಡಲೇ ಕರೆದು ಕೇಳಿದಳು.

“ಸುಮಾ, ನಿಜ ಹೇಳು. ಹೊರಗಾಗಿದ್ದಾಗ ಉಗ್ರಾಣಕ್ಕೆ ಹೋಗಿದ್ಯಾ?”

“ಇಲ್ಲ ಅತ್ತೆ. ನಾನು ಹೋಗಿಲ್ಲ.”

ಅಜ್ಜಿ ನನ್ನ ಕಡೆ ತಿರುಗಿ, ನೀನೇನಾದರೂ ನೋಡಿದೆಯಾ ಎಂದಳು. ಒದ್ದೆ ಸೌಟಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಜಾಡಿಗೆ ನೀರು ತಾಗಬಾರದೆಂದು ಅಷ್ಟು ಹೊತ್ತಿಗೆ ಅಮ್ಮನ ಗೊಣಗಾಟದಿಂದ ನನಗೆ ತಿಳಿದೂ ಇತ್ತು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

“ಒಂದಿನ ಸಾಯಂಕಾಲ ಬೆಲ್ಲ ತರೋಕ್ಕೆ ಹೋಗಿದ್ಲು ಅಜ್ಜಿ.”

ಅದು ಸುಳ್ಳಲ್ಲ, ನಾನು ನೋಡಿದ್ದು ನಿಜ. ಆ ದಿನ ಅವಳು ಹೊರಗಾಗಿದ್ದಳೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ನಾನು ಹೇಳಲೂ ಇಲ್ಲ. ನಿಜವನ್ನೇ ಹೇಳಿ ಇನ್ನೊಬ್ಬರ ತಲೆಗೆ ಕಟ್ಟುವುದು ಎಷ್ಟು ಸುಲಭ ಎಂದು ಕಲಿತದ್ದು ಆವತ್ತು. ಚಿಕ್ಕಮ್ಮ ನನ್ನನ್ನು ನೋಡಿದಳು, ಮುಖ ಕೆಂಪಾಯಿತು, ಸೀದಾ ರೂಮಿಗೆ ಹೋದಳು. ಅಜ್ಜಿ ಇಡೀ ವರ್ಷದ ಉಪ್ಪಿನಕಾಯಿಯನ್ನು ಹಿತ್ತಲಿನ ಗುಂಡಿಗೆ ಸುರಿಸಿ ಮಣ್ಣು ಮುಚ್ಚಿಸಿದಳು. ಮಿಡಿಯ ಕಾಲ ಮುಗಿದಿತ್ತು. ಆ ವರ್ಷ ನಮ್ಮ ಮನೆಗೆ ಮೊದಲ ಸಲ ಅಂಗಡಿಯ ಬಾಟಲಿ ಬಂತು, ಅಜ್ಜಿ ಅದನ್ನು ಮುಟ್ಟಲಿಲ್ಲ. ಮರುವರ್ಷ ಚಿಕ್ಕಮ್ಮ ರಜಾ ಹಾಕುವ ಮಾತೆತ್ತಿದಾಗ ಅಜ್ಜಿ ತುಂಬ ಮೆತ್ತಗೆ, ಬೇಡಮ್ಮ, ನೀನು ಆಫೀಸಿಗೆ ಹೋಗಿಬಾ ಎಂದಳು. ಚಿಕ್ಕಮ್ಮ ಮತ್ತೆ ಕೇಳಲಿಲ್ಲ. ನಾನು ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುತ್ತಲೇ ಎಸ್ಸೆಸ್ಸೆಲ್ಸಿ ಮುಗಿಸಿದೆ, ಪಿಯುಸಿ ಮುಗಿಸಿದೆ. ಆಮೇಲೆ ಅಜ್ಜಿ ತೀರಿಕೊಂಡಳು. ಮನೆ ಭಾಗವಾಯಿತು, ಬಿದ್ದಿತು, ಆ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಉಗ್ರಾಣವಿದ್ದ ಕಡೆ ಯಾರದೋ ಸ್ಕೂಟರ್ ನಿಲ್ಲುತ್ತದೆ.

ಚಿಕ್ಕಪ್ಪ ಚಿಕ್ಕಮ್ಮ ವೈಯಾಲಿಕಾವಲ್‌ನ ಫ್ಲ್ಯಾಟಿಗೆ ಹೋದರು. ಎಷ್ಟೋ ವರ್ಷದ ಮೇಲೆ, ಅವರ ಮಗಳು ಪಲ್ಲವಿ ಕಾಲೇಜು ಸೇರಿದ ವರ್ಷ, ಒಂದು ಭಾನುವಾರ ಊಟಕ್ಕೆ ಹೋಗಿದ್ದೆ. ಪಲ್ಲವಿ ಹಾಲ್‌ನ ಮೂಲೆಯಲ್ಲಿ ಚಾಪೆಯ ಮೇಲೆ ಬೇರೆ ತಟ್ಟೆ ಲೋಟ ಇಟ್ಟುಕೊಂಡು ಕೂತಿದ್ದಳು. ಹೊರಗೆ ಕೂರುವುದಿಲ್ಲ ಎಂದು ಅಜ್ಜಿಯೊಡನೆ ವಾದಿಸಿದ್ದ ಚಿಕ್ಕಮ್ಮನೇ ಮಗಳನ್ನು ಕೂರಿಸುತ್ತಾಳೆ ಎಂದು ನಾವೆಲ್ಲ ಹಿಂದಿನಿಂದ ಆಡಿಕೊಂಡು ನಕ್ಕಿದ್ದುಂಟು. ಅಡುಗೆಮನೆಯ ಪುಟ್ಟ ಮೇಜಿನಲ್ಲಿ ನನಗೆ ಮೊಸರನ್ನ ಬಡಿಸಿ, ಅಂಗಡಿ ಉಪ್ಪಿನಕಾಯಿಯ ಪ್ಯಾಕೆಟ್ ಕತ್ತರಿಸುತ್ತ ಅವಳು, ಇಂಥದ್ದೆಲ್ಲ ನನ್ನ ಕೈಗೆ ಆಗಿಬರಲ್ಲ, ಒಂದು ಸಂಡಿಗೆ ಕೂಡ ಇಟ್ಟವಳಲ್ಲ ಎಂದು ನಕ್ಕಳು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟೆ. ಒದ್ದೆ ಸೌಟಿನಿಂದ ಹಿಡಿದು ಬೆಲ್ಲದ ಮಾತಿನವರೆಗೆ ಎಲ್ಲ ಹೇಳಿಬಿಟ್ಟೆ.

ನಾಲ್ಕು ಬಯ್ಯುತ್ತಾಳೆ, ಬೈಸಿಕೊಂಡು ಹಗುರಾಗೋಣ ಎಂದುಕೊಂಡಿದ್ದೆ. ಅವಳು ಕತ್ತರಿ ಕೆಳಗಿಟ್ಟಳು.

“ಅವತ್ತು ನಾನು ಅತ್ತೆಗೆ ಸುಳ್ಳು ಹೇಳಿದ್ದೆ ಕಣೇ. ಹೊರಗಾಗಿದ್ದೆ. ಬೆಲ್ಲದ ಡಬ್ಬ ಎತ್ತೋವಾಗ ಜಾಡಿಗೆ ಕೈ ತಗುಲಿತ್ತು. ಇದನ್ನೆಲ್ಲ ನಂಬಲ್ಲ ಅಂತಿದ್ದವಳು ನಾನು. ಆ ಬೂಷ್ಟು ನೋಡಿದ್ಮೇಲೆ ನಂಬಿಬಿಟ್ಟೆ.”

ಆಮೇಲೆ ಅವಳು ಹಾಲ್ ಕಡೆ ತಿರುಗಿ, “ಪಲ್ಲವಿ, ತಟ್ಟೆ ತಗೊಂಡು ಒಳಗ್ ಬಾ. ನಮ್ಜೊತೆ ಕೂತ್ಕೊ” ಎಂದಳು.

ಪಲ್ಲವಿ ಎದ್ದು ಬಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನ ಮುಖ, ನನ್ನ ಮುಖ ನೋಡಿದಳು. ಕಾಲು ಒಳಗಿಡಲಿಲ್ಲ.

“ಬೇಡಮ್ಮ, ಇವತ್ತಿನ್ನೂ ಎರಡನೇ ದಿನ. ಏನಾದ್ರೂ ಕೆಟ್ಟೋದ್ರೆ ಆಮೇಲೆ ನೀನೇ ಬೇಜಾರ್ ಮಾಡ್ಕೋತೀಯ” ಎಂದು, ತನ್ನ ತಟ್ಟೆ ಹಿಡಿದುಕೊಂಡು ಚಾಪೆಗೆ ವಾಪಸ್ಸು ಹೋದಳು.