ಹೊಡೆದಾಟ ನಿಲ್ಲಿಸುವ ಖಂಡೆಪ್ಪ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಶಹಾಬಾದ ಸ್ಟೇಷನ್ನಿನ ಹಿಂಬದಿಯ ಫರಸಿ ಕಲ್ಲಿನ ಕಾರಖಾನೆಯ ಅಂಗಳದಲ್ಲಿ ಖಂಡೆಪ್ಪ ಮೊಣಕಾಲೂರಿ ಕುಳಿತು ಕಲ್ಲು ತಿಕ್ಕುತ್ತಿದ್ದಾರೆ. ಹಾಸುಗಲ್ಲಿನ ಮೇಲೆ ನೀರು ಚೆಲ್ಲುತ್ತಾರೆ, ಒಂದು ಹಿಡಿ ಮರಳು ಉದುರಿಸುತ್ತಾರೆ, ಅಂಗೈಯಗಲದ ಗಟ್ಟಿ ಕಲ್ಲೊಂದನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಬೂದುಬಣ್ಣದ ಕೆಸರು ಮೊಣಕೈವರೆಗೆ ಏರಿದೆ. ಫೆಬ್ರುವರಿಯ ಚಳಿ ಪೂರ್ತಿ ಹೋಗಿಲ್ಲ, ನೀರು ಮುಟ್ಟಿದರೆ ಬೆರಳು ಸೆಟೆಯುತ್ತವೆ. ನಾನು ಅವರ ಎಡಗಡೆ ನಿಂತು ನಮಸ್ಕಾರ ಎನ್ನುತ್ತೇನೆ. ಅವರು ತಲೆ ಎತ್ತುವುದಿಲ್ಲ. ಪಕ್ಕದಲ್ಲಿ ಕಲ್ಲಿನ ಅಂಚು ಒಡೆಯುತ್ತಿರುವ ಹೆಂಗಸು ನಗುತ್ತಾರೆ. "ಈ ಕಡಿ ಬರ್ರಿ. ಅವರಿಗಿ ಆ ಕಿವಿ ಕೇಳಂಗಿಲ್ಲ."

ಬಲಗಡೆಗೆ ಹೋದ ಮೇಲೆ ಮಾತು ಶುರುವಾಗುತ್ತದೆ. "ಕುಂದ್ರಿ. ಕಲ್ಲು ತಂಪದ, ಗೋಣಿ ಹಾಸ್ಕೊಂಡು ಕುಂದ್ರಿ," ಎನ್ನುತ್ತಾರೆ. ಕೈ ಮಾತ್ರ ನಿಲ್ಲುವುದಿಲ್ಲ.

ಶಹಾಬಾದದಲ್ಲಿ ಖಂಡೆಪ್ಪನವರನ್ನು ಕಲ್ಲು ತಿಕ್ಕುವವರೆಂದು ಗುರುತಿಸುವವರು ಕಡಿಮೆ. 'ರೆಫ್ರಿ ಖಂಡೆಪ್ಪ' ಎಂದರೆ ಎಲ್ಲರೂ ಮನೆ ತೋರಿಸುತ್ತಾರೆ, ತೋರಿಸುವಾಗ ಮುಖ ಸ್ವಲ್ಪ ಹುಳಿ ಮಾಡಿಕೊಳ್ಳುತ್ತಾರೆ. ಪ್ರತಿವರ್ಷ ಗಣರಾಜ್ಯೋತ್ಸವದ ದಿನ ಇಲ್ಲಿಯ ಜವಾನ ಕ್ರೀಡಾ ಮಂಡಳಿಯವರು ಬಾಕ್ಸಿಂಗ್ ಪಂದ್ಯ ನಡೆಸುತ್ತಾರೆ. ಖಣಿಯ ಹುಡುಗರು, ಸಿಮೆಂಟ್ ಕಾರಖಾನೆಯವರು, ವಾಡಿಯ ಲೋಕೋ ಶೆಡ್ಡಿನವರು ಕಣಕ್ಕಿಳಿಯುತ್ತಾರೆ. ನೋಡಲು ಚಿತ್ತಾಪುರ, ಸೇಡಂನಿಂದಲೂ ಜನ ಬರುತ್ತಾರೆ. ಗೆದ್ದವರ ಫೋಟೋಗಳು ಮಾರ್ಕೆಟ್ಟಿನ ಹೋಟೆಲಿನ ಗೋಡೆಯ ಮೇಲಿವೆ. ಅವುಗಳಲ್ಲಿ ಖಂಡೆಪ್ಪನವರನ್ನು ಹುಡುಕಿದರೆ ಒಂದರಲ್ಲಿ ಬೆನ್ನು, ಇನ್ನೊಂದರಲ್ಲಿ ಒಂದು ತೋಳು ಸಿಗುತ್ತದೆ.

ಹುಟ್ಟಿದ್ದು ರಾವೂರಿನಲ್ಲಿ. ಅಪ್ಪನಿಗೆ ಸ್ವಲ್ಪ ಹೊಲ, ಒಂದಿಷ್ಟು ಕುರಿ. ಮೀಸೆ ಮೂಡುವ ವಯಸ್ಸಿನಲ್ಲಿ ಯಾರಿಗೂ ಹೇಳದೆ ಸಿಕಂದರಾಬಾದಿನ ರೈಲು ಹತ್ತಿ ಫೌಜಿಗೆ ಸೇರಿದರು. ಊರಲ್ಲಿ ಕುಸ್ತಿ ಆಡಿದ್ದ ಮೈಕಟ್ಟು ನೋಡಿ ಅಲ್ಲಿಯ ಹವಾಲ್ದಾರರು ಕೈಗೆ ಗ್ಲೌಸ್ ಕಟ್ಟಿದರು. ಕೆಲವು ವರ್ಷ ಚೆನ್ನಾಗಿಯೇ ಆಡಿದರು. ಒಂದು ದಿನ ಎಡಗಿವಿಯ ಮೇಲೆ ಪೆಟ್ಟು ಬಿತ್ತು.

"ಬಿದ್ದದ್ದು ನನಗ ನೆನಪಿಲ್ರಿ. ಎದ್ದು ನಿಂತೆ ಅಂತ. ರೆಫ್ರಿ 'ಠೀಕ್ ಹೋ?' ಅಂತ ಕೇಳಿದ್ರಂತ. ನಾ 'ಠೀಕ್ ಹೂಂ ಸಾಬ್' ಅಂದೆ ಅಂತ. ಅದೂ ನೆನಪಿಲ್ಲ, ಮಂದಿ ಹೇಳಿದ್ರು. ಮತ್ತ ಆಡಿಸಿದ್ರು, ಮತ್ತ ಬಿದ್ದೆ. ದವಾಖಾನ್ಯಾಗ ಕಣ್ಣು ತೆರದಾಗ ಈ ಕಿವಿ ಮುಚ್ಚಿತ್ತು." ಕಲ್ಲಿನ ಮೇಲೆ ನೀರು ಚೆಲ್ಲುತ್ತಾರೆ. "ಪೆಟ್ಟು ತಿಂದವನಿಗಿ ಕೇಳಬಾರ್ದು. ಅವ ಯಾವಾಗೂ ಹೌದು ಅಂತಾನ."

ಕಿವಿ ಹೋದ ಸಿಪಾಯಿಯನ್ನು ಫೌಜು ಇಟ್ಟುಕೊಳ್ಳಲಿಲ್ಲ. ಮರಳಿ ಬಂದರು, ಶಿವಕಾಂತಮ್ಮನವರನ್ನು ಮದುವೆಯಾದರು, ಶಹಾಬಾದದಲ್ಲಿ ಕಲ್ಲು ತಿಕ್ಕಲು ಕೂತರು. ಊರಲ್ಲಿ ಬಾಕ್ಸಿಂಗ್ ಶುರುವಾದಾಗ ನಿಯಮ ಗೊತ್ತಿದ್ದವರು ಅವರೊಬ್ಬರೇ. ಹೀಗಾಗಿ ಕಣದ ನಡುವೆ ನಿಲ್ಲುವ ಕೆಲಸ ತಾನಾಗಿಯೇ ಅವರ ಪಾಲಿಗೆ ಬಂತು.

ಶುರುವಿನಿಂದಲೂ ಅವರ ಮೇಲೆ ಒಂದೇ ದೂರು: ಬೇಗ ನಿಲ್ಲಿಸುತ್ತಾರೆ. ಜನ ದೂರದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿರುತ್ತಾರೆ, ಒಬ್ಬ ಇನ್ನೊಬ್ಬನನ್ನು ಕೆಡವುವುದನ್ನು ನೋಡಬೇಕು. ಒಬ್ಬ ತಡಬಡಿಸಿದನೋ ಇಲ್ಲವೋ ಖಂಡೆಪ್ಪ ನಡುವೆ ನುಗ್ಗಿ ಕೈ ಎತ್ತಿಬಿಡುತ್ತಾರೆ. ಶೇಂಗಾ ಸಿಪ್ಪೆ, ಕಿತ್ತಳೆ ಸಿಪ್ಪೆ ಬೆನ್ನ ಮೇಲೆ ಬೀಳುತ್ತವೆ. ಅದೆಲ್ಲ ವರ್ಷದ ರೂಢಿ ಎಂದು ಅವರೂ ತಲೆ ಕೆಡಿಸಿಕೊಂಡಿರಲಿಲ್ಲ, ಎಪ್ಪತ್ನಾಲ್ಕರ ಜನವರಿಯವರೆಗೆ.

ಆ ವರ್ಷ ಫೈನಲ್‌ನಲ್ಲಿ ಆಡಿದ್ದು ಸೂರ್ಯಕಾಂತ. ಇದೇ ಕಾರಖಾನೆಯಲ್ಲಿ ಕಲ್ಲು ಹೊರುತ್ತಿದ್ದವರು, ಊರಾಚೆಯ ಕೇರಿಯ ಹನಮವ್ವನವರ ಮಗ. ಅಂಥ ಆಟಗಾರ ಈ ಭಾಗದಲ್ಲಿ ಮತ್ತೆ ಬಂದಿಲ್ಲ ಎಂದು ಈಗಲೂ ಜನ ಹೇಳುತ್ತಾರೆ. ಅವರನ್ನು ನೋಡಲೆಂದೇ ಸೊಲ್ಲಾಪುರದಿಂದ ರೈಲ್ವೆಯ ಅಧಿಕಾರಿಯೊಬ್ಬರು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು. ಗೆದ್ದರೆ ರೈಲ್ವೆಯಲ್ಲಿ ನೌಕರಿ ಎಂಬ ಮಾತು ಊರಿಗೆಲ್ಲ ಗೊತ್ತಿತ್ತು. ಸೂರ್ಯಕಾಂತ ಮುಂದಿದ್ದರು. ಕೊನೆಯ ರೌಂಡಿನಲ್ಲಿ ಗದ್ದಕ್ಕೆ ಒಂದು ಪೆಟ್ಟು ಬಿತ್ತು. ಅವರು ಬೀಳಲಿಲ್ಲ, ಹಗ್ಗಕ್ಕೆ ಒರಗಿ ನೆಟ್ಟಗೆ ನಿಂತರು. ಖಂಡೆಪ್ಪ ಮುಖ ನೋಡಿದರು, ಕೈ ಎತ್ತಿ ಆಟ ನಿಲ್ಲಿಸಿದರು. ಎದುರಾಳಿ ಗೆದ್ದಂತಾಯಿತು. ಅಧಿಕಾರಿ ಎದ್ದು ಹೋದರು.

ಕುರ್ಚಿಗಳು ಮುರಿದವು. ಮರುದಿನ ಡಾಕ್ಟರು ಸೂರ್ಯಕಾಂತರನ್ನು ಪರೀಕ್ಷಿಸಿ ಏನೂ ಆಗಿಲ್ಲ ಎಂದರು. ಹನಮವ್ವ ಖಂಡೆಪ್ಪನವರ ಮನೆ ಮುಂದೆ ಬಂದು ನಿಂತರು. "ನಮ್ಮವ ಮುಂದ ಬರೋದು ನಿಮಗ ಸಹಿಸಲಿಲ್ಲ," ಎಂದರು. ಗಟ್ಟಿಯಾಗಿ ಕೂಗಲಿಲ್ಲ. ಅಷ್ಟು ಹೇಳಿ ಹೊರಟುಹೋದರು.

"ಬೈದಿದ್ರ ತಡ್ಕೋತಿದ್ದೆ," ಎನ್ನುತ್ತಾರೆ ಖಂಡೆಪ್ಪ. "ಆ ಮಾತಿಗಿ ಏನ್ ಹೇಳ್ಲಿ? ಹಂಗಲ್ಲವ್ವಾ ಅಂತ ಹ್ಯಾಂಗ ತೋರಿಸ್ಲಿ? ಇಷ್ಟು ವರ್ಷ ಆ ಮಂದಿಗಿ ಎಲ್ಲಾರೂ ಹಂಗ ಮಾಡ್ಯಾರ. ನಾ ಒಬ್ಬ ಬ್ಯಾರೆ ಅಂದ್ರ ಯಾಕ ನಂಬಬೇಕು?"

ಮಂಡಳಿ ಅವರನ್ನು ಕೈಬಿಟ್ಟಿತು. ನಳದ ಹತ್ತಿರ ಹೆಂಗಸರು ಶಿವಕಾಂತಮ್ಮನವರಿಗೆ ಬೆನ್ನು ತಿರುಗಿಸಿದರು. ಸೂರ್ಯಕಾಂತ ಅದೇ ಕಾರಖಾನೆಯಲ್ಲಿ ಕಲ್ಲು ಹೊರುತ್ತ ಉಳಿದರು, ಖಂಡೆಪ್ಪನವರೊಡನೆ ಮಾತು ಬಿಟ್ಟರು. ಒಂದೇ ಅಂಗಳ, ಒಂದೇ ನೀರಿನ ತೊಟ್ಟಿ, ಆದರೆ ಮಾತಿಲ್ಲ.

ಮುಂದಿನ ವರ್ಷಗಳಲ್ಲಿ ಬೇರೆ ಊರಿನ ರೆಫ್ರಿ ಬಂದರು. ಆಟ ರಂಗೇರಿತು. ಎಪ್ಪತ್ತಾರರಲ್ಲಿ ಕಾಳಗಿ ಕಡೆಯಿಂದ ಖಣಿ ಕೆಲಸಕ್ಕೆ ಬಂದಿದ್ದ ಭಗವಂತ ಎರಡು ಸಲ ಬಿದ್ದು, ಎರಡು ಸಲವೂ ಎದ್ದು, ಕೊನೆಗೆ ಗೆದ್ದರು. ಜನ ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದರು. ವಾರ ಕಳೆಯುವಷ್ಟರಲ್ಲಿ ಭಗವಂತ ಖಣಿಯಲ್ಲಿ ಸಬ್ಬಲ ಹಿಡಿದಲ್ಲೇ ಕುಸಿದರು. ದಣಿವಿಗೆ ಹಾಗಾಯಿತು ಎಂದು ಮಂಡಳಿಯವರು ಹೇಳಿದರು. ಇರಬಹುದು. ಭಗವಂತ ಬದುಕಿದ್ದಾರೆ. ಬಲಗೈ ನಡುಗುತ್ತದೆ, ಹೆಂಡತಿಯ ಹೆಸರು ಒಮ್ಮೊಮ್ಮೆ ಸಿಗುವುದಿಲ್ಲ.

ಆ ಹೆಂಡತಿ ಲಾಲಮ್ಮ ಒಂದು ದಿನ ಕಾರಖಾನೆಗೆ ಬಂದು ಖಂಡೆಪ್ಪನವರ ಎದುರು ಕುಳಿತರು. "ಅಣ್ಣಾ, ನೀವ ನಡುವ ಇದ್ರ ನಿಲ್ಲಿಸ್ತಿದ್ರೇನು?" ಎಂದು ಕೇಳಿದರು.

ಅದಕ್ಕೆ ನೀವೇನೆಂದಿರಿ ಎಂದು ನಾನು ಕೇಳುತ್ತೇನೆ. ಖಂಡೆಪ್ಪ ತಿಕ್ಕುವುದನ್ನು ನಿಲ್ಲಿಸುತ್ತಾರೆ. "ನಾ ಅಲ್ಲಿ ಇದ್ದಿಲ್ಲ ತಂಗಿ ಅಂದೆ. ಇಲ್ದಾಗ ಹ್ಯಾಂಗ ಹೇಳ್ಲಿ? ನಿಲ್ಲಿಸ್ತಿದ್ದೆ ಅಂದ್ರ ಆಕಿಗಿ ಇನ್ನಾ ಸಂಕಟ. ಇಲ್ಲ ಅಂದ್ರ ಸುಳ್ಳಾಗಬಹುದು. ನಿಲ್ಲಿಸಿದ್ದು ಸರಿ ಇತ್ತೋ ಇಲ್ಲೋ ಯಾರಿಗೂ ತಿಳಿಯಂಗಿಲ್ರಿ. ನಿಲ್ಲಿಸ್ದೆ ಬಿಟ್ಟದ್ದು ತಪ್ಪಾದ್ರ ಅಷ್ಟ ತಿಳೀತದ."

ಕಳೆದ ದೀಪಾವಳಿಯ ಹೊತ್ತಿಗೆ ಮಂಡಳಿಯ ಸಭೆ ಸೇರಿತು. ಬಾಕ್ಸಿಂಗ್ ಆಟವೇ ಅಲ್ಲ, ಅದನ್ನು ನಿಲ್ಲಿಸಬೇಕು ಎಂದು ಊರಿನ ಡಾಕ್ಟರು ಬರೆದುಕೊಟ್ಟಿದ್ದರು. ಮಂಡಳಿಯ ಕಾರ್ಯದರ್ಶಿ, ಹೋಟೆಲ್ ನಡೆಸುವ ಚಂದ್ರಾಮಪ್ಪ ಒಪ್ಪಲಿಲ್ಲ. "ಸಂಜೀಕ ಸೆರೆ ಕುಡ್ಯಾಕ ಹೋಗೋ ಹುಡುಗ್ರು ಗ್ರೌಂಡಿಗಿ ಬರ್ಲಿಕತ್ತಾರ. ಖಣಿಯಾಗ ಕಲ್ಲು ಬಿದ್ದು ವರ್ಷಾ ಕೈಕಾಲು ಹೋಗ್ತಾವ, ಖಣಿ ಮುಚ್ಚರಿ ಅಂತ ಯಾರರ ಅಂದಾರೇನು?" ಎಂದರು. ಸುಳ್ಳೇನಲ್ಲ. ಹಲವರು ತಲೆಯಾಡಿಸಿದರು.

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಲಾಲಮ್ಮ ಆಗ ಮಾತಾಡಿದರು. "ಆಟ ಅಂದ್ರ ಮುಗದ ಮ್ಯಾಲೆ ಮುಗೀಬೇಕ್ರಿ. ನಮ್ಮ ಮನ್ಯಾಗ ಅದು ಇನ್ನಾ ಮುಗದಿಲ್ಲ. ಇದನ್ನ ಬಂದ್ ಮಾಡ್ರಿ. ಬಂದ್ ಮಾಡಾಕ ಆಗಲ್ಲಂದ್ರ ಖಂಡೆಪ್ಪಣ್ಣಗ ನಡುವ ನಿಲ್ಲಿಸ್ರಿ."

ಸಭೆ ಹೊತ್ತು ಮುಳುಗುವವರೆಗೆ ನಡೆಯಿತು. ಆಟ ಉಳಿಯಿತು, ಖಂಡೆಪ್ಪನವರನ್ನು ಕರೆಯಬೇಕೆಂದಾಯಿತು. ಮನೆಯಲ್ಲಿ ಶಿವಕಾಂತಮ್ಮ ಬೇಡವೆಂದರು. "ಹೋಗಿ ಮತ್ತ ಬೈಸ್ಕೊಂಡು ಬರ್ತೀರಿ. ನಿಮಗೂ ವಯಸ್ಸಾಗ್ಯದ, ನನಗೂ ಕೇಳಾಕ ಶಕ್ತಿ ಉಳದಿಲ್ಲ ಅಂದೆ," ಎಂದು ಕಾರಖಾನೆಗೆ ಬುತ್ತಿ ತಂದಾಗ ನನ್ನೆದುರು ಹೇಳುತ್ತಾರೆ. ಖಂಡೆಪ್ಪ ಎರಡು ದಿನ ಯೋಚಿಸಿದರು. ಕೊನೆಗೆ ಒಪ್ಪಿದರು. ಯಾಕೆ ಒಪ್ಪಿದಿರಿ ಎಂದರೆ, "ನಾ ಒಲ್ಲೆ ಅಂದ್ರ ಆಟ ನಿಲ್ತಿತ್ತಾ? ನಿಲ್ತಿದ್ರ ಖುಷೀಲಿ ಮನ್ಯಾಗ ಮಲಗ್ತಿದ್ದೆ," ಎನ್ನುತ್ತಾರೆ.

ಈ ವರ್ಷ, ಎಪ್ಪತ್ತೆಂಟರ ಜನವರಿಯ ಪಂದ್ಯದ ದಿನ ನಾನೂ ಹಗ್ಗದ ಹೊರಗೆ ನಿಂತಿದ್ದೆ. ದೊಡ್ಡವರ ವಿಭಾಗದ ಕೊನೆಯ ಜೋಡಿಯ ಹೆಸರು ಕೂಗಿದಾಗ ಮೈದಾನ ಗುಜುಗುಜು ಎಂದಿತು. ಒಂದು ಕಡೆ ವಾಡಿಯ ಶೆಡ್ಡಿನ ತರುಣ ರಾಮಲಿಂಗ, ಇನ್ನೊಂದು ಕಡೆ ಸೂರ್ಯಕಾಂತ. ಈಗ ವಯಸ್ಸು ದಾಟಿದೆ, ಯಾವ ಅಧಿಕಾರಿಯೂ ನೋಡಲು ಬಂದಿಲ್ಲ. ಕೊನೆಯದೊಂದು ಸಲ ಆಡಿ ಬಿಡುತ್ತೇನೆಂದು ಹೆಸರು ಕೊಟ್ಟಿದ್ದರು. ನಡುವೆ ಖಂಡೆಪ್ಪ. ಇಬ್ಬರ ಗ್ಲೌಸಿನ ದಾರ ಎಳೆದು ನೋಡುವಾಗಲೂ ಸೂರ್ಯಕಾಂತ ಅವರ ಮುಖ ನೋಡಲಿಲ್ಲ.

ಎರಡನೇ ರೌಂಡಿನಲ್ಲಿ ಸೂರ್ಯಕಾಂತರ ಹಳೆಯ ಕೈ ಮರಳಿ ಬಂತು. ಎಡಗೈಯ ಎರಡು ಪೆಟ್ಟು, ಹಿಂದೆಯೇ ಬಲಗೈಯದೊಂದು. ರಾಮಲಿಂಗ ಹಿಂದಕ್ಕೆ ಸರಿದರು, ಆದರೆ ಕೈ ಇಳಿಸಲಿಲ್ಲ. ನಾವು ನಿಂತಲ್ಲಿಂದ ಅವರು ಗಟ್ಟಿಯಾಗಿಯೇ ಕಂಡರು. ಖಂಡೆಪ್ಪನವರಿಗೆ ಆ ಕ್ಷಣ ಸೂರ್ಯಕಾಂತರ ಹೆಗಲು ಅಡ್ಡವಿತ್ತು, ರಾಮಲಿಂಗರ ಮುಖ ಕಾಣುತ್ತಿರಲಿಲ್ಲ. 'ಹೊಡೀ, ಮುಗಸು' ಎಂದು ಮೈದಾನವೆಲ್ಲ ಕೂಗುತ್ತಿತ್ತು. ಸೂರ್ಯಕಾಂತ ಮುಷ್ಟಿ ಹಿಂದಕ್ಕೆಳೆದವರು ಹಾಗೇ ಒಂದು ಹೆಜ್ಜೆ ಹಿಂದೆ ಸರಿದರು.

"ಕಾಕಾ, ಅವನ ಕಣ್ಣು ನೋಡ್ರಿ," ಎಂದರು.

ನಾಲ್ಕು ವರ್ಷದಲ್ಲಿ ಆಡಿದ ಮೊದಲ ಮಾತು. ಆ ಗದ್ದಲದಲ್ಲಿ ಅದು ಕಿವಿಗೆ ಬಿತ್ತೋ, ತುಟಿ ನೋಡಿ ತಿಳಿಯಿತೋ, ಖಂಡೆಪ್ಪನವರಿಗೆ ಈಗಲೂ ಗೊತ್ತಿಲ್ಲ. ಮುಂದೆ ಬಂದು ರಾಮಲಿಂಗರ ಮುಖ ನೋಡಿದರು, ಕೈ ಎತ್ತಿದರು. ರಾಮಲಿಂಗ 'ನಾ ಆಡ್ತೀನಿ, ಆಡ್ತೀನಿ' ಎನ್ನುತ್ತಲೇ ಇದ್ದರು. ಖಂಡೆಪ್ಪ ಅವರನ್ನು ತಬ್ಬಿ ಹಿಡಿದು ಮೂಲೆಗೆ ಕರೆದೊಯ್ದು ಕೂಡಿಸಿದರು. ಜನ ಮೊದಲಿನಂತೆಯೇ ಬೈದರು. ಗೆದ್ದವರಿಗೂ ಈ ಸಲ ಬೈಗುಳದಲ್ಲಿ ಪಾಲು ಸಿಕ್ಕಿತು.

ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ ಅದೇ ಕಾರಖಾನೆಯ ಬೇವಿನ ಕೆಳಗೆ ಸೂರ್ಯಕಾಂತ ಸಿಗುತ್ತಾರೆ. ಮಾತು ಬೇಡವೆಂಬಂತೆ ಮೊದಲು ತಲೆಯಾಡಿಸುತ್ತಾರೆ, ಆಮೇಲೆ ತಾವಾಗಿಯೇ ಹೇಳುತ್ತಾರೆ. "ಕಾಕಾ ಅವತ್ತು ಸರಿ ಮಾಡಿದ್ರು ಅಂತ ನಾ ಅನ್ನಂಗಿಲ್ಲ. ನನ್ನ ನೌಕರಿ ಹೋತು. ನಮ್ಮವ್ವ ಅದ ಕೊರಗಿನ್ಯಾಗ ಹೋದಳು. ಆದ್ರ ಆ ಹುಡುಗ ನನ್ನ ಕಡೀನ ನೋಡಾಕತ್ತಿದ್ದ, ಅವನ ಕಣ್ಣಿಗಿ ನಾ ಕಾಣ್ತಿದ್ದಿಲ್ರಿ. ಹಂತವನಿಗಿ ಹ್ಯಾಂಗ ಹೊಡೀಲಿ?" ರೊಟ್ಟಿ ಮುರಿಯುತ್ತ, "ಅವತ್ತು ನಾನೂ ಹಂಗ ಇದ್ದೆನೋ ಏನೋ. ನನಗ ಗೊತ್ತಿಲ್ಲ," ಎನ್ನುತ್ತಾರೆ.

ಅಲ್ಲಿಂದೀಚೆಗೆ ಇಬ್ಬರ ನಡುವೆ ಕೆಲಸದ ನಾಲ್ಕು ಮಾತು ನಡೆಯುತ್ತವೆ. ನೀರು ಹಾಕು, ಆ ಕಲ್ಲು ಈ ಕಡೆ ತಾ. ಅದಕ್ಕಿಂತ ಹೆಚ್ಚಿಲ್ಲ, ಹೆಚ್ಚಾಗಲಿ ಎಂದು ಇಬ್ಬರೂ ಆತುರಪಟ್ಟಂತಿಲ್ಲ.

ಹೊತ್ತು ಇಳಿಯುತ್ತದೆ. ಖಂಡೆಪ್ಪ ಕೈಕಾಲು ತೊಳೆದು, ಬೆನ್ನು ನೀವಿಕೊಳ್ಳುತ್ತ ಕಟ್ಟೆಯ ಮೇಲೆ ಕೂರುತ್ತಾರೆ. ಇಷ್ಟು ವರ್ಷ ನಡುವೆ ನಿಂತವರು ನೀವು, ಬಾಕ್ಸಿಂಗ್ ಆಟ ಹೌದೋ ಅಲ್ಲವೋ ಎಂದು ಕೇಳುತ್ತೇನೆ. ಈ ಪ್ರಶ್ನೆ ಅವರಿಗೆ ಹೊಸದಲ್ಲ, ಉತ್ತರ ಹುಡುಕಿ ದಣಿದವರ ಹಾಗೆ ಕಾಣುತ್ತಾರೆ.

"ಕುಸ್ತಿಯಾಗ ಬೆನ್ನು ಮಣ್ಣಿಗಿ ಹತ್ತಿದ್ರ ಮುಗೀತು. ಇದ್ರಾಗ ಬಿದ್ದವ ಎದ್ದು ಮತ್ತ ಹೊಡಸ್ಕೋಬೇಕು. ಬ್ಯಾರೆ ಆಟದಾಗ ಪೆಟ್ಟು ಹತ್ತೋದು ತಪ್ಪಿ. ಇದ್ರಾಗ ಪೆಟ್ಟ ಆಟ. ಅದಕ್ಕ ಆಟ ಅನ್ನಾಕ ನನಗ ಬಾಯಿ ಬರಂಗಿಲ್ಲ. ಬಂದ್ ಮಾಡ್ರಿ ಅನ್ನಾಕೂ ಬರಂಗಿಲ್ಲ. ವರ್ಷಾನಗಂಟ್ಲೆ ಕಲ್ಲು ಹೊರೋ ಹುಡುಗನ ಹೆಸರು ಒಂದಿನ ಮೈಕಿನ್ಯಾಗ ಕೇಳ್ತದ. ಅದನ್ನ ಕಸ್ಕೊಳ್ಳಾಕ ನಾ ಯಾರು?"

ಮುಂದಿನ ವರ್ಷವೂ ನಿಲ್ಲುತ್ತೀರಾ?

"ಭಾಳ ಬ್ಯಾಸರಾಗ್ಯದ್ರಿ. ಇನ್ನೊಬ್ಬ ಯಾರರ ಬಂದ್ರ ಬಿಟ್ಟು ಕುಂದ್ರತೀನಿ. ನಿಯಮ ಕಲಸ್ಬಹುದು, ಅದೇನ್ ದೊಡ್ಡದಲ್ಲ. ಬೈಸ್ಕೊಳ್ಳಾಕ ತಯಾರಿದ್ದವ ಸಿಗಬೇಕು."

ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಏಳುತ್ತಾರೆ. ನಾನು ಬರೆದುಕೊಳ್ಳುತ್ತಿರುವುದನ್ನು ನೋಡಿ ಸ್ವಲ್ಪ ಸಂಕೋಚಪಡುತ್ತಾರೆ. ಹೊರಡುವ ಮುಂಚೆ ಒಂದು ಮಾತು ಸೇರಿಸಬೇಕೆನಿಸಿದಂತೆ ನಿಲ್ಲುತ್ತಾರೆ.

"ನಾ ನಡುವ ನಿಂತ ಆಟದಾಗ ಆಡಿದವ್ರೆಲ್ಲಾ ತಮ್ಮ ಕಾಲ ಮ್ಯಾಲೆ ನಡಕೊಂತ ಮನೀಗಿ ಹೋಗ್ಯಾರ. ನನಗ ಬೈಕೊಂತ ಹೋಗ್ಯಾರ, ಖರೆ. ಆದ್ರ ನಡಕೊಂತ ಹೋಗ್ಯಾರ."