ಎಡಗಡೆಯ ಎತ್ತು ಅಪ್ಪನದಲ್ಲ

ಒಂದು ಆಟದ ಯಂತ್ರಕ್ಕೆ ಸುಳ್ಳು ಹೇಳಲು ಕಲಿಸಿದವಳು ನಾನು. ಆ ಸುಳ್ಳನ್ನು ನಂಬಿದವಳು ನನ್ನ ಒಡಹುಟ್ಟಿದ ಅಕ್ಕ. ನಾಲ್ಕು ವರ್ಷ ನಂಬಿದಳು — ಕೈಮುಗಿದು ನಂಬಿದಳು. ಹೋದ ವಾರ ಅವಳೆದುರು ಕೂತು ಹೇಳಿ ಬಂದೆ. ಹೇಳಿದ ಮೇಲೆ ಎದೆಯ ಮೇಲಿನ ಬೀಸುಕಲ್ಲು ಇಳಿಸಿಟ್ಟ ಹಾಗಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಹೇಳುವಾಗ ಅಳು ಬಂದು ಅರ್ಧ ಮಾತು ನುಂಗಿದ್ದೆ. ಒಮ್ಮೆಯಾದರೂ ಪೂರ್ತಿ ಹೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಗಿರಿಜಾ ಇರುವುದು ತೊಗರ್ಸಿಯಲ್ಲಿ, ನಾವು ಹುಟ್ಟಿದ ಊರಲ್ಲೇ. ಅವಳನ್ನು ಊರೊಳಗೇ ಕೊಟ್ಟಿದ್ದರಿಂದ ಅಪ್ಪನ ಕೊನೆಗಾಲವೆಲ್ಲ ಅವಳ ಕಣ್ಣೆದುರು ಕಳೆಯಿತು. ನನ್ನನ್ನು ಸೊರಬಕ್ಕೆ ಕೊಟ್ಟರು. ಇಲ್ಲಿ ಒಂದು ಸಣ್ಣ ಶಿಶುವಿಹಾರ ನಡೆಸುತ್ತೇನೆ. ನಮ್ಮ ಶಿಕಾರಿಪುರದ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಎಂದರೆ ಹಸಿ ಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ಪೂಜಿಸಿ, ಆಮೇಲೆ ಕೆರೆಗೋ ಬಾವಿಗೋ ಬಿಡುವ ಹಬ್ಬ. ಆ ಎತ್ತುಗಳನ್ನು ಸುಡುವುದಿಲ್ಲ, ಇಟ್ಟುಕೊಳ್ಳುವುದಂತೂ ಇಲ್ಲವೇ ಇಲ್ಲ. ಗಂಡನ ಮನೆಯಲ್ಲಿ ಈ ಪದ್ಧತಿಯಿಲ್ಲ. ಮೊದಲ ವರ್ಷ ನಾನು ಮಣ್ಣು ಕೇಳಿದಾಗ ನನ್ನ ಗಂಡ, "ಅಷ್ಟು ಕಷ್ಟಪಟ್ಟು ಮಾಡಿ ನೀರಿಗೆ ಹಾಕ್ತೀರಾ? ಒಳ್ಳೆ ಊರು ನಿಮ್ದು," ಎಂದು ನಕ್ಕಿದ್ದರು.

ಅಪ್ಪ ತೀರಿಕೊಂಡದ್ದು ಆ ಅಮಾವಾಸ್ಯೆಯ ಮರುದಿನ. ಅವರು ಮಾಡಿ ಪೂಜೆಗಿಟ್ಟ ಎತ್ತುಗಳು ಹಾಗೇ ಉಳಿದವು. ಸೂತಕ ಕಳೆದ ಮೇಲೆ ನೀರಿಗೆ ಬಿಡು ಎಂದು ಹಿರಿಯರು ಹೇಳಿದರು, ಅಕ್ಕ ಕೇಳಲಿಲ್ಲ. ದೇವರ ಗೂಡಿನಲ್ಲಿ ಇಟ್ಟುಕೊಂಡಳು. ಎಡಗಡೆಯ ಎತ್ತಿನ ಡುಬ್ಬದ ಮೇಲೆ ಅಪ್ಪನ ಹೆಬ್ಬೆರಳು ಒತ್ತಿದ ಗುರುತಿತ್ತು. ಬೆಳಿಗ್ಗೆ ದೀಪ ಹಚ್ಚಿ, ಆ ಕುಳಿಯಲ್ಲಿ ತನ್ನ ಹೆಬ್ಬೆರಳಿಟ್ಟು, ಆಮೇಲೆ ಹೊಲಕ್ಕೆ ಹೊರಡುವಳು. ನಾನು ನೋಡಿದ್ದೇನೆ. ನೋಡಿಯೂ ಆ ಕೆಲಸ ಮಾಡಿದೆ ಎನ್ನುವುದೇ —

ಇರಲಿ, ಕ್ರಮವಾಗಿ ಹೇಳುತ್ತೇನೆ.

ಅದೇ ವರ್ಷ ನನ್ನ ಗಂಡನ ಪರಿಚಯದ ತರುಣನೊಬ್ಬ ಮಕ್ಕಳಿಗಾಗಿ ಒಂದು ಆಟ ತಯಾರಿಸುತ್ತಿದ್ದ. ಮಗು ತನ್ನ ಮನೆಯ ಆಟಿಕೆಯನ್ನು ಟ್ಯಾಬಿನ ಕ್ಯಾಮೆರಾಕ್ಕೆ ತೋರಿಸಬೇಕು. ಟ್ಯಾಬ್ ಅದನ್ನು ಗುರುತು ಹಿಡಿದರೆ ಅದೇ ಆಟಿಕೆ ಪರದೆಯೊಳಗೆ ಜೀವ ತಳೆದು ಓಡಾಡುತ್ತದೆ. ಹಾಗೆ ಗುರುತು ಹಿಡಿಯಬೇಕಾದರೆ ಮೊದಲು ಯಾರಾದರೂ ಅದಕ್ಕೆ ಪರಿಚಯ ಮಾಡಿಸಬೇಕು. ಒಂದೊಂದು ಆಟಿಕೆಯನ್ನೂ ಎಲ್ಲ ದಿಕ್ಕಿನಿಂದ ಫೋಟೋ ತೆಗೆದು, "ಇದು ಬುಗುರಿ, ಇದು ಚಿಂದಿಗೊಂಬೆ" ಎಂದು ಹೆಸರಿಟ್ಟು ಕಳಿಸಬೇಕು. ಆ ಪರಿಚಯದ ಕೆಲಸ ನನ್ನದಾಗಿತ್ತು. ಪಟ್ಟಣದ ಅಂಗಡಿಯ ಪ್ಲಾಸ್ಟಿಕ್ ಕಾರುಗಳನ್ನು ಎಲ್ಲರೂ ಕಳಿಸುತ್ತಾರೆ, ನಾನು ಯಾರೂ ಕಾಣದ್ದನ್ನು ಕಳಿಸಿ ಸೈ ಎನ್ನಿಸಿಕೊಳ್ಳಬೇಕು — ಇಂಥ ಒಂದು ಹುಚ್ಚು ಹೆಮ್ಮೆ. ಅಪ್ಪನ ಎತ್ತುಗಳು ನೆನಪಾದವು.

ಅಕ್ಕ ಹಿಂಜರಿದಳು. "ಇಲ್ಲೇ ಫೋಟೋ ತಗೀಬಾರದೇನು?" ಎಂದಳು. ಇಲ್ಲಿ ಬೆಳಕು ಸಾಲದು ಎಂದೆ. ಬೆಳಕು ಧಾರಾಳವಾಗಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು, ಅಷ್ಟೆ. ಅವಳ ಮಗಳು ಚೈತ್ರಾಳಿಗೆ ಆಗ ಎಂಟು ವರ್ಷ. ಅಜ್ಜನ ಎತ್ತುಗಳು ಟ್ಯಾಬಿನಲ್ಲಿ ನಡೆಯುತ್ತವೆ ಎಂದು ಕೇಳಿ ಕುಣಿದಾಡಿದಳು, ಅವಳ ಮುಖ ನೋಡಿ ಅಕ್ಕ ಒಪ್ಪಿದಳು. ಡಬ್ಬಿಯಲ್ಲಿ ಮಂಡಕ್ಕಿ ಸುರಿದು, ಅದರ ನಡುವೆ ಎತ್ತುಗಳನ್ನು ಮಲಗಿಸಿ, ನನ್ನ ಕೈಗೆ ಕೊಡುವಾಗ ಹೇಳಿದಳು: "ಜ್ವಾಪಾನ, ಗೌರಿ. ಇದು ಒಡದ್ರ ಅಪ್ಪ ಇನ್ನೊಂದ್ ಸಲ ಮಾಡಿಕೊಡಂಗಿಲ್ಲ."

ಬಸ್ಸಿನಲ್ಲಿ ಏನೂ ಆಗಲಿಲ್ಲ. ಸೊರಬಕ್ಕೆ ಎರಡೂ ಸುಖವಾಗಿ ಬಂದವು. ಮರುದಿನ ಶಿಶುವಿಹಾರದಲ್ಲಿ ತಿರುಗುವ ಸ್ಟೂಲಿನ ಮೇಲೆ ಒಂದೊಂದನ್ನೇ ಇಟ್ಟು ಎಲ್ಲ ಫೋಟೋ ತೆಗೆದೆ. ಎತ್ತಿ ಡಬ್ಬಿಗೆ ಇಡುವುದಷ್ಟೇ ಬಾಕಿ. ಹಿಂದೆ ಒಂದು ಮಗು ಅತ್ತಿತು, ತಿರುಗಿದೆ, ಮೊಣಕೈ ತಗುಲಿತು. ಎಡಗಡೆಯ ಎತ್ತು ನೆಲಕ್ಕೆ ಬಿತ್ತು. ಒಂದು ಕೊಂಬು ಒಂದು ಕಡೆ, ಮುಂಗಾಲು ಇನ್ನೊಂದು ಕಡೆ. ಡುಬ್ಬ ಮಾತ್ರ ಒಂದೇ ಹೆಂಟೆಯಾಗಿ ಉಳಿದಿತ್ತು, ಅದರ ಮೇಲೆ ಅಪ್ಪನ ಬೆರಳಿನ ಗುರುತೂ ಇತ್ತು. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು — ಬೆರಳಿನ ಗುರುತು ಒಡೆದಿರಲಿಲ್ಲ.

"ಎಂತಕ್ಕೆ ಒದ್ದಾಡ್ತೀಯೆ? ಫೋನ್ ಮಾಡಿ ಹೇಳಿಬಿಡು ಮಾರಾಯ್ತಿ. ಕೊಲೆ ಮಾಡಿದ್ಯಾ ಎಂತ?" ಎಂದರು ನನ್ನ ಗಂಡ. ಹೇಳುತ್ತೇನೆ ಎಂದೆ. ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟೆ. ನನಗೆ ಅಕ್ಕನ ಬೈಗುಳದ ಭಯವಿರಲಿಲ್ಲ. ಅವಳು ಬೈಯದೆ ಸುಮ್ಮನಾಗಿಬಿಟ್ಟರೆ — ಆ ಭಯ.

ಮಧ್ಯಾಹ್ನ ಮಕ್ಕಳು ಮಲಗಿದ ಹೊತ್ತಿನಲ್ಲಿ ಆ ತುಂಡುಗಳನ್ನೆಲ್ಲ ಬೋಗುಣಿಯಲ್ಲಿ ನೀರಿಗೆ ಹಾಕಿದೆ. ಸುಡದ ಮಣ್ಣು, ಬೇಗ ಕರಗಿತು. ಕಲಸಿ, ನಾನೇ ತೆಗೆದ ಫೋಟೋಗಳನ್ನು ಎದುರಿಗಿಟ್ಟುಕೊಂಡು ಎತ್ತು ಮಾಡಿದೆ. ಕಾಲು ನಿಲ್ಲದು, ಕೊಂಬು ಬಾಗದು. ಮೂರು ಸಲ ಕೆಡಿಸಿದೆ. ಕೊನೆಗೆ ಡುಬ್ಬದ ಮೇಲೆ ನನ್ನ ಹೆಬ್ಬೆರಳು ಒತ್ತಿದೆ. ಮಣ್ಣು ಅದೇ ತಾನೇ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಣ್ಣು ಕೆರೆಯದು. ಅಪ್ಪನದು ಬೆರಳು. ಒಡೆದದ್ದು ಕೈತಪ್ಪು, ಕಲಸಿದ್ದು ಕೈತಪ್ಪಲ್ಲ, ಕಣ್ಣು ತೆರೆದುಕೊಂಡು ಮಾಡಿದ್ದು.

ಇಷ್ಟಕ್ಕೇ ನಿಂತಿದ್ದರೆ ಒಂದು ಮಾತು. ಎತ್ತು ಒಣಗುವಷ್ಟರಲ್ಲಿ, ನಾನು ಕಳಿಸಿದ್ದ ಮೊದಲ ಫೋಟೋಗಳಿಂದ ಆಟ ಜೋಡಿಯನ್ನು ಕಲಿತು ಬಂದಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ, ಟ್ಯಾಬಿಗೆ ತೋರಿಸಿ ನೋಡಿದೆ. ಬಲಗಡೆಯದನ್ನು ಹಿಡಿದರೆ ಪರದೆಯಲ್ಲಿ "ಅಜ್ಜನ ಬಲ ಎತ್ತು" ಎಂದು ಬಂದು, ಎತ್ತು ತಲೆ ಎತ್ತಿ ನಡೆಯಿತು. ನಾನು ಮಾಡಿದ್ದನ್ನು ಹಿಡಿದೆ. ಪರದೆಯ ಮೇಲೆ ಹುಡುಕುವ ಚಕ್ರ ತಿರುಗಿತು, ತಿರುಗಿತು. ಈ ಆಟಿಕೆ ಗೊತ್ತಿಲ್ಲ ಎಂದಿತು. ನನ್ನ ಮನೆಯಲ್ಲಿ ಆ ಹೊತ್ತು ಸತ್ಯ ಹೇಳಿದ್ದು ಅದೊಂದೇ. ಅದರ ಬಾಯನ್ನೂ ಮುಚ್ಚಿಸಿದೆ. ನನ್ನ ಎತ್ತಿನ ಫೋಟೋಗಳನ್ನು ಎಲ್ಲ ದಿಕ್ಕಿನಿಂದ ತೆಗೆದು, "ಅಜ್ಜನ ಎಡ ಎತ್ತು" ಎಂಬ ಹೆಸರಿನಲ್ಲೇ ಸೇರಿಸಿ ಕಳಿಸಿದೆ. ಆ ತರುಣನಿಗೆ ಸಂಶಯ ಬರಲಿಲ್ಲ, ಏಕೆ ಬರಬೇಕು? ಕೆಲವು ದಿನಗಳ ನಂತರ ಹೊಸದಾಗಿ ಕಲಿತ ಆಟ ಬಂತು. ನನ್ನ ಎತ್ತನ್ನು ತೋರಿಸಿದ ತಕ್ಷಣ ಒಂದಿಷ್ಟೂ ತಡವರಿಸದೆ "ಅಜ್ಜನ ಎಡ ಎತ್ತು" ಎಂದಿತು. ಎಷ್ಟು ವಿಧೇಯ ವಿದ್ಯಾರ್ಥಿ.

ತೊಗರ್ಸಿಗೆ ಹೋಗಿ ಎತ್ತುಗಳನ್ನೂ ಒಂದು ಹಳೆಯ ಟ್ಯಾಬನ್ನೂ ಕೊಟ್ಟೆ. ಅಕ್ಕ ಎಡಗಡೆಯದನ್ನು ಕೈಯಲ್ಲಿ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳು. "ಯಾಕೋ ಸೊರಗಿದಂಗ ಕಾಣ್ತತಲ್ಲ," ಎಂದಳು. ಅಷ್ಟರಲ್ಲಿ ಚೈತ್ರಾ ಅದನ್ನು ಕಸಿದುಕೊಂಡು ಟ್ಯಾಬಿಗೆ ಹಿಡಿದಳು. ಹೆಸರು ಬಂತು, ಎತ್ತು ನಡೆಯಿತು, ಜೋಡಿ ನೊಗಕ್ಕೆ ಬಂತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ನನಗಽ ಗುರ್ತು ಸಿಗ್ಲಿಲ್ಲ. ಯಂತ್ರಕ್ಕ ಅಪ್ಪನ ಕೈ ಗೊತ್ತಾತು ನೋಡು."

ಅವಳ ಕಣ್ಣು ಸರಿಯಾಗಿಯೇ ಕಂಡಿತ್ತು. ಅವಳು ತನ್ನ ಕಣ್ಣನ್ನು ಬಿಟ್ಟು ನನ್ನ ಯಂತ್ರವನ್ನು ನಂಬಿದಳು. ನಾನು ಚಹಾ ಕುಡಿದು ಬಸ್ಸು ಹತ್ತಿದೆ.

ಆಮೇಲೆ ಪ್ರತಿ ಅಮಾವಾಸ್ಯೆಗೂ ಆ ಮನೆಯಲ್ಲಿ ಹೊಸ ಮಣ್ಣು ತರುವುದು ನಿಂತಿತು. ಅಪ್ಪನವೇ ಇರುವಾಗ ಬೇರೆ ಯಾಕೆ ಎನ್ನುವಳು ಅಕ್ಕ. ಆಗೆಲ್ಲ ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಈ ಸಲ ಚೈತ್ರಾ ತಾನೇ ಕೆರೆಯಂಗಳದಿಂದ ಮಣ್ಣು ತಂದು, ಯಾರಿಗೂ ಹೇಳದೆ ಒಂದು ಎತ್ತು ಮಾಡಿದ್ದಾಳೆ. ಆಸೆಗೆ ಅದನ್ನು ಟ್ಯಾಬಿಗೆ ತೋರಿಸಿದ್ದಾಳೆ. ಟ್ಯಾಬ್ "ಅಜ್ಜನ ಎಡ ಎತ್ತು" ಎಂದಿದೆ. ನನ್ನ ಎಳಸು ಕೈಯ ಎತ್ತಿಗೂ ಆ ಹೆಸರು ಕೊಟ್ಟ ಮೇಲೆ ಅದಕ್ಕೆ ಎಳಸು ಕೈಯ ಯಾವ ಎತ್ತಾದರೂ ಅಜ್ಜನದೇ. ಪಕ್ಕದಲ್ಲಿದ್ದ ಅಕ್ಕ ಇದನ್ನು ನೋಡಿದಳು. ಅವಳಿಗೆ ಹೊಳೆದದ್ದು ಒಂದೇ: ಹುಡುಗಿ ಗೂಡಿನ ಎತ್ತನ್ನು ತೆಗೆದು, ಅದಕ್ಕೆ ಹಸಿ ಮಣ್ಣು ಒತ್ತಿ ಅಚ್ಚು ತೆಗೆದಿದ್ದಾಳೆ. ಅಪ್ಪನ ಎತ್ತಿಗೆ ನೀರು ಸೋಕಿಸಿದ್ದಾಳೆ. ಇಲ್ಲ ಎಂದು ಹುಡುಗಿ ಎಷ್ಟು ಹೇಳಿದರೂ ಕೇಳದೆ ಹೊಡೆದಿದ್ದಳು.

ನನಗೆ ಫೋನು ಬಂತು. ಹಿಂದೆ ಚೈತ್ರಾ ಬಿಕ್ಕುತ್ತಿದ್ದುದು ಕೇಳುತ್ತಿತ್ತು.

"ಗೌರಿ, ನೀನಽ ಕಲಿಸಿದ ಯಂತ್ರ. ಅದು ಸುಳ್ಳು ಹೇಳ್ತತೇನು? ಇಲ್ಲಾ ಇಕಿ ಸುಳ್ಳು ಹೇಳಾಕತ್ತಾಳೇನು? ನೀ ಹೇಳು."

ಯಂತ್ರ ಒಮ್ಮೊಮ್ಮೆ ತಪ್ಪುತ್ತದೆ ಅಕ್ಕ, ಬಿಡು — ಎಂದಿದ್ದರೆ ಹುಡುಗಿಯೂ ಉಳಿಯುತ್ತಿದ್ದಳು, ನಾನೂ ಉಳಿಯುತ್ತಿದ್ದೆ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಿಜವಾಗಿ ಬಂದಿತ್ತು. ಆದರೆ ನನಗೆ ಬೀಳಬೇಕಾದ ಏಟನ್ನು ಆ ಮಗು ತಿಂದಿತ್ತು. "ಅವಳಿಗೆ ಹೊಡೀಬೇಡ. ನಾ ಬರ್ತೀನಿ," ಎಂದೆ.

ಶಿಶುವಿಹಾರದ ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸುವವರೆಗೂ ಮಾತು ಜೋಡಿಸುತ್ತಲೇ ಇದ್ದೆ: ಮೊದಲು ಇದು, ಆಮೇಲೆ ಅದು. ಅಕ್ಕನ ಅಂಗಳಕ್ಕೆ ಕಾಲಿಟ್ಟಾಗ ಒಂದೂ ಉಳಿದಿರಲಿಲ್ಲ. ಜಗಲಿಯ ಮೇಲೆ ಕೂತು, "ಎಡಗಡೆಯದು ಅಪ್ಪಂದಲ್ಲ ಅಕ್ಕ. ಒಡೆದುಬಿಟ್ಟೆ. ಕಲಸಿ ನಾನೇ ಮಾಡಿದೆ. ಯಂತ್ರಕ್ಕೂ ನಾನೇ ಹೇಳಿಕೊಟ್ಟೆ," ಎಂದೆ.

ಅಕ್ಕ ನನ್ನ ಕಡೆ ನೋಡಲಿಲ್ಲ. ಒಳಗೆ ಹೋಗಿ ಚೈತ್ರಾಳನ್ನು ಕರೆತಂದು, ನನ್ನೆದುರಿಗೇ ಅವಳ ಕೆನ್ನೆ ಸವರಿ, "ನಂದು ತಪ್ಪಾತವ್ವ," ಎಂದಳು. ನಾನೂ ಅವಳ ಕೈ ಹಿಡಿದು ಅದೇ ಮಾತು ಹೇಳಿದೆ. ಹನ್ನೆರಡರ ಹುಡುಗಿ, ಗಟ್ಟಿಗಿತ್ತಿ, ಮೂಗು ಒರೆಸಿಕೊಂಡು, "ನಾ ಮೊದ್ಲಽ ಹೇಳಿದ್ನಿ, ಯಾರು ಕೇಳಿದ್ರಿ?" ಎಂದಳು.

ಆಮೇಲೆ ಅಕ್ಕ ಕೂತಳು. ನಾನು ಹೆದರಿದ್ದ ಆ ಸುಮ್ಮನಿರುವಿಕೆ ಅಂದು ಬಂತು, ಬಹಳ ಹೊತ್ತು ಇತ್ತು. ನಾನು ಸಾಯಲಿಲ್ಲ. ಬಾಯಿ ತೆರೆದಾಗ ಅವಳ ದನಿ ತಣ್ಣಗಿತ್ತು.

"ಒಡದಿದ್ದಕ್ಕ ಸಿಟ್ಟಿಲ್ಲ. ಬೆರಳಿನ ಗುರ್ತೂ ಚೂರಾಗಿತ್ತೇನು?"

ಇಲ್ಲ ಎಂದೆ. ಆಗಿತ್ತು ಎನ್ನಬಹುದಿತ್ತು, ನೋಡಿದವರಿಲ್ಲ. ಇಲ್ಲ, ಹಾಗೇ ಇತ್ತು, ಅದನ್ನೂ ಕಲಸಿದೆ ಎಂದೆ.

"ಆ ತುಂಡು ತಂದು ಕೊಟ್ಟಿದ್ರ ಸಾಕಿತ್ತು ನನಗ," ಎಂದಳು ಅಕ್ಕ.

ಅವಳು ಕ್ಷಮಿಸಿದಳೋ ಇಲ್ಲವೋ ನನಗೆ ತಿಳಿಯದು. ರೊಟ್ಟಿ ಬಡಿದಳು, ಉಂಡು ಹೋಗು ಎಂದಳು, ಮಾತು ಬೆಳೆಸಲಿಲ್ಲ. ಆದರೆ ತಟ್ಟೆಯ ಮುಂದೆ ಕೂತಾಗ ಹಸಿವಾಯಿತು — ನಾಚಿಕೆಗೆಟ್ಟ ಹಸಿವು. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಗೂಡಿನ ಕಡೆ ಬೆನ್ನು ಹಾಕದೆ ಕೂತು ಉಂಡೆ.

ಹೊರಡುವಾಗ ಅಕ್ಕ ಗೂಡಿನಿಂದ ಎಡಗಡೆಯ ಎತ್ತನ್ನು ತೆಗೆದು ನನ್ನ ಮಡಿಲಿಗಿಟ್ಟಳು. "ನೀ ಮಾಡಿದ್ದು, ನೀನಽ ತಗಂಡು ಹೋಗು," ಎಂದಳು. ಬಲಗಡೆಯದರ ಪಕ್ಕ ಜಾಗ ಖಾಲಿಯಾಯಿತು. ಚೈತ್ರಾ ತನ್ನ ಎತ್ತನ್ನು ಅಲ್ಲಿಡಲು ಬಂದಾಗ ತಡೆದು, "ನಿಂದಕ್ಕ ಜೋಡಿ ನೀನಽ ಮಾಡು. ಇದು ಒಂಟಿ ಇರ್ಲಿ," ಎಂದಳು. ಆ ಮಾತು ನನಗೆ ತಾಗಿತು, ತಾಗಬೇಕಾದ್ದೇ. ಸೊರಬಕ್ಕೆ ಬಂದ ಮೇಲೆ ಆ ತರುಣನಿಗೆ ಎಲ್ಲ ತಿಳಿಸಿ, ನಾನು ಸೇರಿಸಿದ ಫೋಟೋಗಳನ್ನು ಆಟದಿಂದ ತೆಗೆಸಿದ್ದೇನೆ.

ಅಂದು ಹಿಂತಿರುಗುವಾಗ ಬಸ್ಸಿನಲ್ಲಿ ಎತ್ತನ್ನು ಮಡಿಲಲ್ಲಿ ಹಾಗೇ ಬಿಚ್ಚಿಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಕುರಿ ಕಾಯುವವರ ಮನೆಯ ಹೆಂಗಸೊಬ್ಬಳು ಕೂತಿದ್ದಳು. ಬಹಳ ಹೊತ್ತು ಅದನ್ನೇ ದಿಟ್ಟಿಸಿ ಕೊನೆಗೆ ಕೇಳಿದಳು: "ಅಕ್ಕಾರ, ಇದು ಕುರಿ ಏನ್ರೀ?"

"ಎತ್ತು," ಎಂದೆ.

"ಎತ್ತು ಅಂತ ಯಾರೂ ಅನ್ನಂಗಿಲ್ಲ ಬಿಡ್ರೀ. ಯಾರ್ ಮಾಡಿದ್ರು ಇದನ್ನ?"

ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. "ನಾನು ಮಾಡಿದ್ದು ರೀ," ಎಂದೆ.