ಒಂದನೇ ತಾರೀಖಿನ ಮುದ್ರೆ

ಎದುರು ಮನೆಯ ಹೊಲಿಗೆ ಯಂತ್ರ ಬೆಳಗ್ಗೆ ಒಂಬತ್ತಕ್ಕೆ ಕಟಕಟ ಶುರುವಾದರೆ ಸಾಕು, ಮುದ್ರೆಯಕ್ಕನ ಬಲಗೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ, ಊರಿಗೆ ಬಂದ ಕಾಗದಗಳ ಬೆನ್ನಿಗೆ ತಾರೀಖಿನ ಮುದ್ರೆ ಒತ್ತಿದ ಕೈ ಅದು. ನಿವೃತ್ತಿಯಾಗಿ ಹನ್ನೆರಡು ವರ್ಷವಾಗಿತ್ತು. ನೌಕರಿ ಬಿಟ್ಟವಳು ಅವಳು, ಕೈ ಇನ್ನೂ ಬಿಟ್ಟಿರಲಿಲ್ಲ.

ಅವತ್ತು ಯಂತ್ರ ಹತ್ತು ಹೊಲಿಗೆ ಹಾಕಿ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಸ್ವಲ್ಪ ಹೊತ್ತಿಗೆ ದರ್ಜಿ ತಂಗಿ, ಕೊರಳಲ್ಲಿ ಅಳತೆ ಪಟ್ಟಿ ಹಾಗೇ ನೇತಾಡುತ್ತಿದ್ದಂತೆ, ಒಂದು ಕಟ್ಟು ಹಿಡಿದು ಬೀದಿ ದಾಟಿ ಬಂದಳು. ಒಡಹುಟ್ಟಿದ ತಂಗಿಯಲ್ಲ, ಬೀದಿಯ ತಂಗಿ. ಅವಳ ತಾಯಿ ತೀರಿಕೊಂಡು ತಿಂಗಳಾಗಿತ್ತು.

"ಅಮ್ಮನ ಪೆಟ್ಟಿಗೆಯಲ್ಲಿತ್ತು. ಅಣ್ಣನ ಕಾಗದಗಳು," ಎಂದಳು. "ಸಾಲಾಗಿ ಜೋಡಿಸಿಕೊಡು ಅಕ್ಕಾ. ಅವನು ಒಂದರಲ್ಲೂ ತಾರೀಖು ಬರೆದಿಲ್ಲ, ಸೋಮಾರಿ."

ಇದು ಮುದ್ರೆಯಕ್ಕನಿಗೆ ಹೊಸ ಕೆಲಸವಲ್ಲ. ಕಾಗದ ಬರೆಯುವುದನ್ನೇ ಜನ ಮರೆತ ಮೇಲೆ, ಹಳೆಯ ಕಾಗದಗಳ ಕಟ್ಟು ಹಿಡಿದು ಬೀದಿಯವರೆಲ್ಲ ಅವಳ ಹತ್ತಿರ ಬರುತ್ತಿದ್ದರು. ಅವಳು ನೆಲ ಒರೆಸಿ, ಗೋಡೆಯ ಬುಡದಿಂದ ಬಾಗಿಲವರೆಗೆ ಒಂದೊಂದಾಗಿ ಹರಡುತ್ತಿದ್ದಳು. ಗೋಡೆಯ ಬುಡದಲ್ಲಿ ಮದುವೆಯ ಮಾತುಕತೆ, ನಡುಮನೆಯಲ್ಲಿ ಮಕ್ಕಳ ಜ್ವರ, ಹೊಸ್ತಿಲ ಹತ್ತಿರ ಮೊಮ್ಮಗುವಿನ ಹಲ್ಲು. ಒಂದು ಸಂಸಾರ ಹನ್ನೆರಡು ಅಡಿಯಲ್ಲಿ ಮುಗಿದುಹೋಗುತ್ತಿತ್ತು. ಮುದ್ರೆ ಅಳಿಸಿದ್ದರೆ ಮಸಿಯ ಬಣ್ಣ ನೋಡುವಳು, ಕಾಗದದ ಅಂಚು ಮೂಸುವಳು. ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿದ ಬೀಳ್ಕೊಡುಗೆ ಪತ್ರ ಇದನ್ನೆಲ್ಲ ಮೇಲಿನಿಂದ ನೋಡುತ್ತಿತ್ತು: 'ಮೂವತ್ತೊಂದು ವರ್ಷಗಳಲ್ಲಿ ಒಂದು ತಾರೀಖೂ ತಪ್ಪಲಿಲ್ಲ.' ಗಂಡ ಬದುಕಿದ್ದಾಗ, "ಸೂರ್ಯ ಕೂಡ ನಿನ್ನನ್ನ ಕೇಳಿಕೊಂಡೇ ಹುಟ್ಟಬೇಕು," ಎಂದು ಛೇಡಿಸುತ್ತಿದ್ದ. ಅವಳು ಸಿಟ್ಟಾದಂತೆ ನಟಿಸಿ, ಆ ಗಾಜನ್ನು ಸೆರಗಿನಿಂದ ಇನ್ನೊಮ್ಮೆ ಒರೆಸುತ್ತಿದ್ದಳು.

ಇಪ್ಪತ್ತಮೂರು ಕಾಗದ. ಕೊನೆಯ ಎರಡು ಕೈಯಲ್ಲಿ ಉಳಿದಾಗ ದರ್ಜಿ ತಂಗಿ ಅಲ್ಲೇ ಕುಕ್ಕರಿಸಿದಳು.

"ಇವೆರಡಕ್ಕೇ ನಾನು ಬಂದಿದ್ದು. ಓದು ಬಿಟ್ಟು ಹೊಲಿಗೆಗೆ ಸೇರಿದ್ದೆನಲ್ಲ, ಆ ವರ್ಷದವು. ಇದರಲ್ಲಿ, 'ತಂಗಿಗೆ ಒಳ್ಳೇ ಕತ್ತರಿ ಕೊಂಡಿದ್ದೇನೆ, ಬರುವಾಗ ತರುತ್ತೇನೆ' ಅಂತಿದೆ. ಅಮ್ಮ ಇದನ್ನ ನನಗೆ ಹತ್ತು ಸಲ ಓದಿ ಹೇಳಿದ್ಲು. ಇನ್ನೊಂದನ್ನ ತೋರಿಸಲೇ ಇಲ್ಲ. 'ಓದು ಬಿಟ್ಟವಳ ಮುಖ ನಾನಿನ್ನು ನೋಡುವುದಿಲ್ಲ' ಅಂತ ಬರೆದಿದ್ದಾನೆ. ಕತ್ತರಿ ಕಾಗದಕ್ಕೆ ಜೂನ್ ಒಂದರ ಮುದ್ರೆ. ಇದಕ್ಕೆ ಜೂನ್ ಹದಿನಾರು. ಜುಲೈಯಲ್ಲಿ ಹಡಗುಕಟ್ಟೆಯಲ್ಲಿ ಜಾರಿಬಿದ್ದು ಹೋದ." ಅವಳು ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮೊದಲು ಒಪ್ಪಿದವನಿಗೆ ಆಮೇಲೆ ಯಾರೋ ಕಿವಿ ಊದಿರಬೇಕು. ನಲವತ್ತು ವರ್ಷ ಅವನು ಕೊಡದ ಕತ್ತರಿಗೆ ಕೈ ಮುಗಿದು ಬಟ್ಟೆ ಕತ್ತರಿಸಿದೆ ಅಕ್ಕಾ. ಅವನು ಬೈದುಕೊಂಡೇ ಸತ್ತಿದ್ದಾನೆ."

ಮುದ್ರೆಯಕ್ಕ ಕನ್ನಡಕ ಏರಿಸಿದಳು. ಮುಂಬದಿಯಲ್ಲಿ ಅಣ್ಣನಿದ್ದ ಊರಿನ ಮುದ್ರೆ ಎರಡರಲ್ಲೂ ಬರೀ ಮಸಿಯ ಮಚ್ಚೆ. ಬೆನ್ನಿಗಿದ್ದದ್ದು ಅವಳದೇ ಮುದ್ರೆ. ಹದಿನಾರರ ಮುದ್ರೆಯ ಸುತ್ತಿನ ಉಂಗುರ ಪೂರ್ತಿ ದುಂಡಗಿತ್ತು. ಒಂದನೇ ತಾರೀಖಿನ ಉಂಗುರದ ಎಡ ಕೆಳಗೆ, ಅಕ್ಕಿಕಾಳಿನಷ್ಟು ಜಾಗ ಖಾಲಿ.

ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು.

ಆ ಜೂನ್ ಕೊನೆಯ ವಾರದಲ್ಲೇ ಅಲ್ಲವೇ ಮುದ್ರೆ ಕೈಜಾರಿ ಕಲ್ಲುನೆಲಕ್ಕೆ ಬಿದ್ದು ಅಂಚು ಒಡೆದದ್ದು? ಅಲ್ಲಿಂದಾಚೆ ಒತ್ತಿದ ಪ್ರತಿ ಉಂಗುರಕ್ಕೂ ಆ ಗಾಯ ಇತ್ತು. ಅದಕ್ಕೂ ಮುಂಚೆ ಒಂದಕ್ಕೂ ಇರಲಿಲ್ಲ. ಕೆಲಸಕ್ಕೆ ಸೇರಿ ಆಗ ಮೂರೇ ವರ್ಷ. ಕಿಟಕಿಯಿಂದ ಬೀಳುವ ಬಿಸಿಲು, ಮಸಿ ದಿಂಬಿನ ಎಣ್ಣೆ ವಾಸನೆ, ಮರದ ಡಬ್ಬಿಯಲ್ಲಿ ಹಲ್ಲುಗಳ ಹಾಗೆ ಸಾಲಾಗಿ ನಿಂತ ಸೀಸದ ಅಂಕಿಗಳು. ಬೆಳಗ್ಗೆ ನಿನ್ನೆಯನ್ನು ಚಿಮಟಿಗೆಯಿಂದ ಕಿತ್ತು ಇವತ್ತನ್ನು ಕೂರಿಸಬೇಕು. ಮೊದಲ ಮುದ್ರೆಯನ್ನು ಪುಸ್ತಕದಲ್ಲಿ ಒತ್ತಬೇಕು. ಅಂಚೆ ಮಾಸ್ತರರು ನೋಡಿ ಸಹಿ ಹಾಕಬೇಕು. ಜುಲೈ ಒಂದರ ಬೆಳಗ್ಗೆ ಅವಳು ಮೂವತ್ತನ್ನು ಕಿತ್ತು ಒಂದನ್ನು ಕೂರಿಸಿದಳು. ತಿಂಗಳನ್ನು ಕೀಳುವುದು ಮರೆತಳು. ಅವಳೂ ನೋಡಿದಳು, ಮಾಸ್ತರರೂ ನೋಡಿದರು, ಇಬ್ಬರಿಗೂ ಕಾಣಲಿಲ್ಲ. ಮಧ್ಯಾಹ್ನ ಕಣ್ಣಿಗೆ ಬೀಳುವಷ್ಟರಲ್ಲಿ ಚೀಲ ಖಾಲಿಯಾಗಿ, ಅಂಚೆಯವರು ಊರು ತುಂಬ ಹಂಚಿಬಂದಾಗಿತ್ತು. ಅವಳು ಸದ್ದಿಲ್ಲದೆ ಜೂನನ್ನು ಕಿತ್ತು ಜುಲೈಯನ್ನು ಕೂರಿಸಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

"ಕತ್ತರಿ ಕಾಗದವೇ ಕೊನೇದು," ಎಂದು ಅದನ್ನು ಹೊಸ್ತಿಲ ಹತ್ತಿರ ಇಟ್ಟಳು.

"ಸಮಾಧಾನಕ್ಕೆ ಹೇಳಬೇಡ ಅಕ್ಕಾ. ನಾನೇನು ಮಗುವಾ? ತಾರೀಖು ಕಣ್ಣೆದುರಿಗೇ ಇದೆ. ನಿನ್ನ ಮುದ್ರೆ ಸುಳ್ಳು ಹೇಳುತ್ತಾ?"

ಗೋಡೆಯ ಗಾಜು ಬಿಸಿಲಿಗೆ ಹೊಳೆಯುತ್ತಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಹೋಗಬೇಕಿದ್ದದ್ದು ಅಕ್ಕಿಕಾಳಿನಷ್ಟು ಜಾಗಕ್ಕೆ. ಮುದ್ರೆಯಕ್ಕ ಒಮ್ಮೆ ಎದುರು ಮನೆಯತ್ತ ನೋಡಿದಳು. ಯಂತ್ರದ ಸೂಜಿಯ ಕೆಳಗೆ ಯಾರದೋ ಅಂಗಿ ಅರ್ಧ ತೋಳಿನಲ್ಲಿ ನಿಂತಿತ್ತು.

"ಹೇಳುತ್ತೆ," ಎಂದಳು. "ಒಂದೇ ಒಂದು ದಿನ ಹೇಳಿತ್ತು. ನಾನೇ ಹೇಳಿಸಿದ್ದೆ."

ಎಲ್ಲವನ್ನೂ ಹೇಳಿದಳು. ಎರಡು ಲಕೋಟೆಗಳನ್ನು ಅಕ್ಕಪಕ್ಕ ಹಿಡಿದು ಗಾಯ ತೋರಿಸಿದಳು. ದರ್ಜಿ ತಂಗಿ ಸೂಜಿಗೆ ದಾರ ಪೋಣಿಸುವಂತೆ ಕಣ್ಣು ಕಿರಿದು ಮಾಡಿ ನೋಡಿದಳು, ಬೆರಳಿಟ್ಟು ನೋಡಿದಳು.

"ಹಾಗಾದ್ರೆ ಬೈದು, ಆಮೇಲೆ ಕತ್ತರಿ ಕೊಂಡ," ಎಂದಳು ನಿಧಾನವಾಗಿ. "ಅದಕ್ಕೇ ಅಮ್ಮ ಬೈಗುಳ ತೋರಿಸಲಿಲ್ಲ. ಮುಗಿದ ಮಾತು ಅಂತ." ಕಣ್ಣು ಒರೆಸಿಕೊಂಡು ಫಕ್ಕನೆ ನಕ್ಕಳು. "ಅಂತೂ ನಿನಗೂ ತಾರೀಖು ತಪ್ಪುತ್ತೆ! ಭಾವ ಇರಬೇಕಿತ್ತು, ವರ್ಷಗಟ್ಟಲೆ ಆಡಿಕೊಳ್ತಿದ್ರು."

"ಆಡಿಕೊಳ್ಳಲಿ ಅಂತಲೇ ಹೇಳಬೇಕಿತ್ತು ಅವರಿಗೆ," ಎಂದಳು ಮುದ್ರೆಯಕ್ಕ. ಬಹಳ ದಿನದ ಮೇಲೆ ಅವಳಿಗೂ ನಗು ಬಂತು.

ದರ್ಜಿ ತಂಗಿ ಗೋಡೆಯ ಬುಡದಿಂದ ಒಂದೊಂದೇ ಕಾಗದ ಎತ್ತಿಕೊಳ್ಳುತ್ತ ಮಾತಾಡುತ್ತಲೇ ಇದ್ದಳು. "ಎಷ್ಟು ಕಾಗದ ಇದ್ದವು ಅಕ್ಕಾ ಅವತ್ತಿನ ಚೀಲದಲ್ಲಿ?"

"ಇನ್ನೂರರ ಮೇಲೆ."

"ಅಬ್ಬಾ! ಅದರಲ್ಲಿ ಇನ್ನೂ ಯಾರ್ಯಾರ ಅಣ್ಣಂದಿರು..."

ಮುದ್ರೆಯಕ್ಕನ ನೆನಪು ಮೂಲೆಮನೆಗೆ ಹೋಗಿತ್ತು. ಹೋದ ವರ್ಷ ಅಲ್ಲಿಯ ಗಡಿಯಾರ ರಿಪೇರಿಯವನ ಕಟ್ಟನ್ನು ಜೋಡಿಸಿಕೊಟ್ಟಿದ್ದಳು. ಅದರಲ್ಲೂ ಅದೇ ವರ್ಷದ ಜೂನ್ ಒಂದರ ಮುದ್ರೆಯ ಕಾಗದವೊಂದು ಇತ್ತು. ಮುದ್ರೆಯ ತಾರೀಖು ಅಷ್ಟು ಸ್ಪಷ್ಟವಿದ್ದಾಗ ಉಂಗುರ ಯಾರು ನೋಡುತ್ತಾರೆ? ಅವಳು ಎದ್ದು, ಕನ್ನಡಕವನ್ನು ಹಣೆಗೇರಿಸಿ, ಚಪ್ಪಲಿ ಮೆಟ್ಟಿದಳು.

"...ಕತ್ತರಿ ಎಡಗೈಯವರದ್ದೋ ಬಲಗೈಯವರದ್ದೋ, ಅದನ್ನಾದ್ರೂ ಬರೀಬಾರದಿತ್ತಾ ಅಣ್ಣ? ನಾನು ಎಡಚಿ ಅಂತ ಅವನಿಗೆ... ಅಕ್ಕಾ? ಎಲ್ಲಿಗೆ? ಅಕ್ಕಾ, ನಿನ್ನ ಮನೆ ಬಾಗಿಲು ತೆರೆದೇ ಇದೆ!"

ಮುದ್ರೆಯಕ್ಕ ಆಗಲೇ ಬೀದಿಯ ತಿರುವಿನಲ್ಲಿದ್ದಳು.